ಅರ್ಧ ಕ್ಲಚ್ಚು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರಿನ ಕ್ಲಚ್ಚಿಗೇನು ಕೆಲಸವೆಂದು ನಮ್ಮ ಅಧ್ಯಾಪಕರು ಹುಬ್ಬೇರಿಸಿಯಾರು. ನಾನು ಇತಿಹಾಸದ ವಿದ್ಯಾರ್ಥಿ, ಯಂತ್ರವಿದ್ಯೆ ಬಲ್ಲವನಲ್ಲ. ಆದರೆ ನನ್ನ ಸೋದರಮಾವನಿಗೆ ಮೈಸೂರಿನಲ್ಲೊಂದು ಸಣ್ಣ ಗ್ಯಾರೇಜಿದೆ. ರಜೆಯಲ್ಲಿ ಅಲ್ಲಿ ಸ್ಪ್ಯಾನರು ಎತ್ತಿಕೊಡುವ ಉದ್ಯೋಗ ನನ್ನದು. ಅಲ್ಲಿ ಕಲಿತ ಪಾಠವೊಂದನ್ನು ಯಾವ ಪರೀಕ್ಷೆಯಲ್ಲಿಯೂ ಬರೆಯುವಂತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಮಾವನ ಬಳಿಗೆ ಹಳೆಯದೊಂದು ಎಂ.ಜಿ.ಬಿ. ಕಾರು ಬಂದಿತು. ಎರಡೇ ಸೀಟು, ತೆರೆದ ಮೈ, ಕಡುಹಸಿರು ಬಣ್ಣ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿಯದು, 1798 ಸಿ.ಸಿ. ಎಂಜಿನ್ನು. ಯಜಮಾನರು ನಿವೃತ್ತರಾದ ವೃದ್ಧರು. ಕಾರನ್ನು ಮಗುವಿನಂತೆ ಸಾಕಿದವರು. ಕಾರ್ಬ್ಯುರೇಟರನ್ನು ಸರಿಪಡಿಸಿದ ಮಾವ, ಪೆಟ್ರೋಲು ಹಾಕಿಸಿಕೊಂಡು ಬಾ ಎಂದು ಬೀಗದ ಕೈಯನ್ನು ನನಗಿತ್ತರು. ಬಂಕಿಗೆ ಹೋಗಬೇಕಾದವನು ಗೆಳೆಯನೊಬ್ಬನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೇ ಹೊರಟುಬಿಟ್ಟೆ!

ಅಂದು ಭಾನುವಾರ. ಏರಿನ ತಿರುವಿನಲ್ಲಿ ವಾಹನಗಳ ಸಾಲು ನಿಂತಿತ್ತು. ಅಂಥಲ್ಲಿ ಹ್ಯಾಂಡ್‌ಬ್ರೇಕು ಎಳೆದು ನಿಲ್ಲಬೇಕೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಗೆಳೆಯನ ಮುಂದೆ ಅದು ಹೊಸಬನ ಲಕ್ಷಣವೆನಿಸಿತು. ಆದುದರಿಂದ ಪೆಡಲನ್ನು ಅರ್ಧ ಒತ್ತಿ, ಅರ್ಧ ಬಿಟ್ಟು, ಎಂಜಿನ್ನಿನ ಬಲದಿಂದಲೇ ಕಾರನ್ನು ತೂಗಿ ನಿಲ್ಲಿಸಿದೆ. ಗೇಣುಗೇಣಾಗಿ ಸರಿಯುತ್ತ ಬಹಳ ಹೊತ್ತು ಕಳೆಯಿತು. ಸುಟ್ಟ ವಾಸನೆ ಬಂದಿತು. "ಮುಂದಿನ ಬಸ್ಸಿನದು" ಎಂದೆ. ಬೆಟ್ಟದ ತುದಿ ಸೇರದೆ ಹಿಂದಿರುಗುವಾಗ ಎಂಜಿನ್ನು ಅಬ್ಬರಿಸುತ್ತಿತ್ತು. ಕಾರು ಮಾತ್ರ ಓಡುತ್ತಿರಲಿಲ್ಲ. ಮಾವನಿಗೆ ಏನನ್ನೂ ಹೇಳಲಿಲ್ಲ.

ಮರುದಿನ ಮಾವ ತಾವೇ ಓಡಿಸಿ ನೋಡಿ, "ಕ್ಲಚ್ಚು ಜಾರುತ್ತಿದೆ. ಬಂದಾಗ ಹೀಗಿರಲಿಲ್ಲವಲ್ಲ" ಎಂದರು. ಸುದ್ದಿ ತಿಳಿದ ಯಜಮಾನರು, "ಹಳೆಯ ಕಾರು, ಸವೆದಿರಬೇಕು. ಬದಲಾಯಿಸಿ, ಖರ್ಚು ಕೊಡುತ್ತೇನೆ" ಎಂದರು. ನಾನು ಸ್ಪ್ಯಾನರುಗಳನ್ನು ಒರೆಸುತ್ತ ನಿಂತಿದ್ದೆ.

ಎಂಜಿನ್ನಿನ ಫ್ಲೈವೀಲಿಗೂ ಗೇರುಪೆಟ್ಟಿಗೆಗೂ ನಡುವೆ ಇರುವ ತಟ್ಟೆಯೇ ಕ್ಲಚ್ ಪ್ಲೇಟು. ಸ್ಪ್ರಿಂಗು ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿದಾಗ ಎರಡೂ ಒಟ್ಟಿಗೆ ತಿರುಗುತ್ತವೆ. ಪೆಡಲು ಒತ್ತಿದರೆ ಬೇರೆಯಾಗುತ್ತವೆ. ಎರಡು ಸ್ಥಿತಿಯಲ್ಲಿಯೂ ಸವೆತವಿಲ್ಲ. ಪೂರ್ಣ ಹಿಡಿಯದೆ ಪೂರ್ಣ ಬಿಡದೆ ಇರುವ ನಡುವಣ ಗಳಿಗೆಯಲ್ಲಿ ಮಾತ್ರ ತಟ್ಟೆ ಉಜ್ಜಿ ಕಾಯುತ್ತದೆ. ಎಂ.ಜಿ.ಬಿ.ಯಲ್ಲಿ ಎಂಜಿನ್ನನ್ನೇ ಹೊರಗೆತ್ತದೆ ಈ ತಟ್ಟೆ ಕೈಗೆ ಸಿಗುವುದಿಲ್ಲ. ರೇಡಿಯೇಟರು ಬಿಚ್ಚಿ, ಸರಪಳಿ ಕಟ್ಟಿ ಎತ್ತಿದೆವು.

ತಟ್ಟೆ ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿತ್ತು. ಫ್ಲೈವೀಲಿನ ಮೇಲೆ ನೀಲಿ ಕಲೆಗಳು. ಆಮೇಲೆ ಮಾವ, ಪೆಡಲು ಒತ್ತಿದಾಗ ಸ್ಪ್ರಿಂಗನ್ನು ತಳ್ಳುವ ಬೇರಿಂಗನ್ನು ಕೈಗೆತ್ತಿಕೊಂಡರು. ಈ ಕಾರಿನಲ್ಲಿ ಅದು ಗುಂಡುಗಳ ಬೇರಿಂಗಲ್ಲ, ಗ್ರಾಫೈಟಿನ ಉಂಗುರ. "ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಕಾರಿನಲ್ಲಿ ಇದು ಬೇಗ ಸವೆಯುತ್ತದೆ. ನೋಡು, ಎಷ್ಟು ದಪ್ಪಗಿದೆ! ಯಜಮಾನರ ಕಾಲು ಒಳ್ಳೆಯ ಕಾಲು. ಈ ನೀಲಿ ಮಾತ್ರ ಒಂದು ದಿನದ ಬೆಂಕಿ."

ಅವರು ನನ್ನತ್ತ ನೋಡಲಿಲ್ಲ. ನೋಡಿದ್ದರೆ ಸುಳ್ಳು ಹೇಳುತ್ತಿದ್ದೆನೋ ಏನೋ. ಎಲ್ಲವನ್ನೂ ಒಪ್ಪಿಕೊಂಡೆ. ಮಾವ ಬೈಯಲಿಲ್ಲ. "ಅವರಿಗೂ ನೀನೇ ಹೇಳು" ಎಂದರು.

ಯಜಮಾನರ ಮನೆಯ ಮೆಟ್ಟಿಲು ಹತ್ತುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟವಾಯಿತು. ಅವರು ಕೇಳಿ, ಬಹಳ ಹೊತ್ತು ಸುಮ್ಮನಿದ್ದು, "ತುದಿ ಮುಟ್ಟಿದೆಯಾ?" ಎಂದರು. ಇಲ್ಲವೆಂದೆ. "ಹಾಗಾದರೆ ಎರಡೂ ನಷ್ಟ" ಎಂದು ಒಳಗೆ ಹೋದರು.

ಬಿಡಿಭಾಗಗಳು ಇಂಗ್ಲೆಂಡಿನಿಂದ ಬರಬೇಕಾಯಿತು. ಫ್ಲೈವೀಲಿನ ಮುಖವನ್ನು ಲೇತಿನಲ್ಲಿ ಸಮ ಮಾಡಿಸಿದರು. ಹೊಸ ತಟ್ಟೆ ನಡುವಿಗೆ ಕೂರಲೆಂದು ಹಳೆಯ ಶಾಫ್ಟೊಂದನ್ನು ತೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು. ಉಂಗುರ ದಪ್ಪಗಿದ್ದರೂ ಅದನ್ನೂ ಬದಲಾಯಿಸಿದರು. ಅದೊಂದಕ್ಕಾಗಿ ಮತ್ತೆ ಎಂಜಿನ್ನು ಎತ್ತುವುದುಂಟೆ? ಖರ್ಚು ಮಾವನದು. ದಸರಾ ರಜೆಯೆಲ್ಲ ದುಡಿದು ನಾನು ತೀರಿಸಿದೆನೆಂದು ಹೇಳಲಾರೆ; ಇನ್ನೂ ತೀರಿಸುತ್ತಿದ್ದೇನೆ.

ಮಾವ ಮತ್ತೆ ನನಗೆ ಬೀಗದ ಕೈ ಕೊಡುತ್ತಾರೆ, ಬೇರೆ ಕಾರುಗಳದು. ಏರಿನಲ್ಲಿ ಹ್ಯಾಂಡ್‌ಬ್ರೇಕು ಎಳೆಯುತ್ತೇನೆ, ಪಕ್ಕದಲ್ಲಿ ಯಾರೇ ಕುಳಿತಿರಲಿ.