ಲೈನಿಂಗ್ ಚೂರಿನ ಕೌದಿ

ನಮ್ಮ ಮನೆಗಳಲ್ಲಿ ಸೀರೆಗೆ ನಿವೃತ್ತಿ ಅನ್ನುವುದೇ ಇರಲಿಲ್ಲ. ಹಬ್ಬಕ್ಕೆ ಉಟ್ಟದ್ದು ಒಂದೆರಡು ವರ್ಷಕ್ಕೆ ಸಂತೆಗೆ ಇಳಿಯುತ್ತಿತ್ತು, ಸಂತೆಯದು ಹೊಲಕ್ಕೆ. ನಡು ಜಾಳಾಯಿತೋ, ಅಂಚು ಹರಿದು ದನದ ಕರುವಿಗೆ ಹಗ್ಗ. ಉಳಿದ ಮೈ ತೊಟ್ಟಿಲ ಕೂಸಿಗೆ. ಎಲ್ಲದರ ಕಡೆಗೆ ಒಲೆ ಮುಂದಿನ ಮಸಿಬಟ್ಟೆ. ಆ ಗತಿ ಬರುವ ಮುಂಚೆ ಅಟ್ಟದ ಮೇಲಿನ ಗಂಟಿಗೆ ಸೇರಿಕೊಂಡ ಸೀರೆಗಳು ಮಾತ್ರ ಪುಣ್ಯವಂತವು. ಅವಕ್ಕೆ ಕೌದಿಯಾಗುವ ಯೋಗ ಇರುತ್ತಿತ್ತು.

ನನ್ನಜ್ಜಿ ಆ ಗಂಟನ್ನು ಕಾಯುತ್ತಿದ್ದ ರೀತಿ ನೋಡಿದರೆ ಒಳಗೆ ಬಂಗಾರ ಇದೆ ಅನ್ನಿಸಬೇಕು. ಅವಳು ಹರೆಯಕ್ಕೆ ಬಂದದ್ದು ಕಂಟ್ರೋಲ್ ಕಾಲದಲ್ಲಿ. ಮಹಾಯುದ್ಧ ನಡೆದಿದ್ದಾಗ, 1943ರಲ್ಲಿ, ಸರ್ಕಾರ ಗಿರಣಿ ಬಟ್ಟೆಗೂ ನೂಲಿಗೂ ಕಂಟ್ರೋಲ್ ತಂದಿತು. ದುಡ್ಡಿದ್ದವರಿಗೂ ಬಟ್ಟೆ ಕೇಳಿದಷ್ಟು ಸಿಗದ ಕಾಲ ಅದು. ತೇಪೆ ಹಾಕಿದ ಸೀರೆ ಉಟ್ಟು ಮದುವೆಗೆ ಹೋದದ್ದನ್ನು ಅವಳು ಕೊನೆಯವರೆಗೂ ಹೇಳುತ್ತಿದ್ದಳು. ಅದಕ್ಕೇ ಇರಬೇಕು, ಅಂಗೈಯಗಲದ ಚೂರನ್ನೂ ಎಸೆಯಲು ಬಿಡುತ್ತಿರಲಿಲ್ಲ. “ಬಿಸಾಕ್ಬ್ಯಾಡ ಕಣೇ, ಅದಕ್ಕೂ ಒಂದು ತೂತು ಎಲ್ಲೋ ಕಾಯ್ತಾ ಇರ್ತೈತೆ” ಅನ್ನುವಳು.

ನಮ್ಮೂರು ಬಾಗೂರಿನ ಚಳಿ ಅಂಥಾ ಘನವಾದದ್ದೇನಲ್ಲ. ತೆಂಗಿನ ತೋಟಕ್ಕೆ ನೀರು ಹಾಯಿಸಲು ರಾತ್ರಿ ಹೋಗುವ ಗಂಡಸರಿಗೆ ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಇತ್ತು. ಅದು ಮಳೆಗೂ ಆಯಿತು, ಮುಳ್ಳಿಗೂ ಆಯಿತು. ಆದರೆ ಕಂಬಳಿ ಚುಚ್ಚುತ್ತದೆ. ಬಾಣಂತಿಗೆ, ಕೂಸಿಗೆ, ಮೈಯೆಲ್ಲ ಮೂಳೆಯಾದ ಮುದುಕರಿಗೆ ಕೌದಿಯೇ ಆಗಬೇಕು. ನೂರಾರು ಸಲ ಒಗೆಸಿಕೊಂಡ ಹತ್ತಿಬಟ್ಟೆಗೆ ಬರುವ ಮೆತ್ತನೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಜ್ಜಿಯ ಕೌದಿಗೆ ಹತ್ತಿ ತುಂಬುವ ರೂಢಿ ಇರಲಿಲ್ಲ. ಹಳೇ ಸೀರೆ, ಪಂಚೆಗಳನ್ನು ಮೂರು ನಾಲ್ಕು ಪದರ ಹಾಸಿ, ಹರಿದ ಜಾಗಕ್ಕೆಲ್ಲ ಮೇಲಿನಿಂದ ಬಣ್ಣಬಣ್ಣದ ಚೂರು ಇಟ್ಟು, ಅಂಚಿನಿಂದ ಹೊಲಿಗೆ ಹಿಡಿದರೆ ಸುತ್ತಿ ಸುತ್ತಿ ಒಳಕ್ಕೆ ಬರುವುದು. ಹೊಲಿಗೆಗೂ ಹೊಲಿಗೆಗೂ ನಡುವೆ ಒಂದು ಬೆರಳು. ನಡು ಮಧ್ಯ ಮುಚ್ಚುವ ಮುಂಚೆ ಅಜ್ಜಿ ಒಂದು ಚೂರು ರೊಟ್ಟಿ ಒಳಗೆ ಸೇರಿಸುತ್ತಿದ್ದಳು. ಕೌದಿ ಹಸಿದಿರಬಾರದಂತೆ. ಇಲಿಗಳಿಗೂ ಈ ಶಾಸ್ತ್ರ ಚೆನ್ನಾಗಿ ಗೊತ್ತಿತ್ತು ಅನ್ನುವುದು ಬೇರೆ ಮಾತು.

ಉತ್ತರ ಕರ್ನಾಟಕದಲ್ಲಿ ಗೋಂದಳಿ, ಬುಡಬುಡಿಕೆಯವರ ಹೆಂಗಸರು ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಿದ್ದರು. ಕೂಲಿಗೆ ಕಾಳು, ಹಳೇ ಬಟ್ಟೆ. ಹೀಗೆ ಚೂರು ಕೂಡಿಸಿ ಹೊದೆಯುವುದನ್ನು ಬಡತನದ ಲೆಕ್ಕಕ್ಕೆ ಹಾಕಿಬಿಡುವವರಿದ್ದಾರೆ. ಆದರೆ ಬೌದ್ಧರ ಮಹಾವಗ್ಗದಲ್ಲಿ ಬುದ್ಧ ಮಗಧದ ಗದ್ದೆಗಳನ್ನು ತೋರಿಸಿ, ಬದು ಹಾಕಿದ ಹಾಗೆ ಚೂರು ಜೋಡಿಸಿ ಚೀವರ ಹೊಲಿಯಲು ಆನಂದನಿಗೆ ಹೇಳಿದ ಪ್ರಸಂಗ ಬರುತ್ತದೆ. ಭಿಕ್ಷುಗಳು ಇವತ್ತಿಗೂ ಅದೇ ಕತ್ತರಿಕೆಯ ಬಟ್ಟೆ ಹೊದೆಯುತ್ತಾರೆ. ಅಜ್ಜಿಗೆ ಆನಂದ ಯಾರೆಂದು ಗೊತ್ತಿರಲಿಲ್ಲ, ಬದು ಮಾತ್ರ ಗೊತ್ತಿತ್ತು.

ಇಂಥ ಕೌದಿ ನಮ್ಮೂರಿನಲ್ಲಿ ನಿಂತದ್ದು ಯಾಕೆ ಎಂದು ಕೇಳಿದರೆ ಎಲ್ಲರೂ “ಈಗಿನವರಿಗೆ ಪುರುಸೊತ್ತಿಲ್ಲ” ಅನ್ನುತ್ತಾರೆ. ನಾನು ಒಪ್ಪುವುದಿಲ್ಲ, ಟೀವಿ ಮುಂದೆ ಪುರುಸೊತ್ತು ಬೇಕಾದಷ್ಟಿದೆ. ನಿಂತದ್ದು ನೈಲೆಕ್ಸ್, ಪಾಲಿಯೆಸ್ಟರ್ ಸೀರೆಗಳು ಬಂದ ಮೇಲೆ. ಅವು ಸವೆಯುವುದಿಲ್ಲ, ಹಾಗಾಗಿ ಹಳೆಯದಾಗುವುದೇ ಇಲ್ಲ. ಬಣ್ಣ ಬಿಡುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರಿ ಜಾರಿ ಓಡುತ್ತವೆ. ಅಷ್ಟರಲ್ಲಿ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಗೆ ಬಂದಳು. ಅಟ್ಟದ ಗಂಟು ಕರಗಿ ಅಡುಗೆಮನೆಯ ಡಬ್ಬಿಗಳಾಯಿತು. ಸೊಲ್ಲಾಪುರದ ಚಾದರ ಮಂಚ ಹತ್ತಿತು.

ಮತ್ತೆ ಸೂಜಿ ಹಿಡಿಸಿದ್ದು ನಮ್ಮ ಹೆಂಗಸರ ಸಂಘ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಆಗಿನಿಂದ ವಾರಕ್ಕೊಮ್ಮೆ ಉಳಿತಾಯ ಕಟ್ಟಿ, ಸಾಲದ ಪುಸ್ತಕಕ್ಕೆ ರುಜು ಹಾಕಿ ಎದ್ದುಹೋಗುವುದು ನಮ್ಮ ರೂಢಿ. ಯಾರ ಕಂತು ಬಾಕಿ ಅನ್ನುವ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ನಮ್ಮಲ್ಲೊಬ್ಬಳು ಟೈಲರ್. ಬ್ಲೌಸ್ ಹೊಲಿದು ಉಳಿದ ಚೂರನ್ನು ಒಂದು ದಿನ ಗೊಬ್ಬರದ ಚೀಲದಲ್ಲಿ ತುಂಬಿ ತಿಪ್ಪೆಗೆ ಹೊತ್ತಿದ್ದಳು. ಬಾಗಿಲಲ್ಲಿ ಕೂತ ಅವಳತ್ತೆ ತಡೆದು, ಚೀಲ ಕವುಚಿ, ಅಲ್ಲೇ ಗುಪ್ಪೆ ಮಾಡತೊಡಗಿದಳು: ಹತ್ತಿಯದು ಈ ಕಡೆ, ಜಾರುವುದು ಆ ಕಡೆ.

ಆಗ ಗೊತ್ತಾಯಿತು, ಸೀರೆಗಳು ಎಷ್ಟೇ ಮಿರಮಿರ ಮಿಂಚಲಿ, ಬ್ಲೌಸಿನ ಒಳಗೆ ಹಾಕುವ ಲೈನಿಂಗ್ ಮಾತ್ರ ಇನ್ನೂ ಹತ್ತಿಯದೇ! ಕಂಕುಳ ಕತ್ತರಿಸಿದ ಅರ್ಧಚಂದ್ರಗಳು, ಕುತ್ತಿಗೆಯಿಂದ ಬಿದ್ದ ಎಲೆಗಳು, ತೋಳಿನ ಪಕ್ಕದ ತ್ರಿಕೋನಗಳು, ಟೂ ಬೈ ಟೂ ಬಟ್ಟೆಯ ಉದ್ದುದ್ದ ಪಟ್ಟಿಗಳು. ಊರ ಹೆಂಗಸರ ಅಳತೆಯೆಲ್ಲ ಆ ರಾಶಿಯಲ್ಲಿತ್ತು. “ಇದು ನಮ್ಮ ಮೇಲ್ಮನೆಯಕ್ಕನ ತೋಳು ನೋಡ್ರೇ” ಎಂದು ಒಬ್ಬಳು ಎತ್ತಿ ತೋರಿಸಿದರೆ ಸಂಘಕ್ಕೆ ಸಂಘವೇ ನಕ್ಕಿತು. ಮೇಲ್ಮನೆಯಕ್ಕ ಅಲ್ಲೇ ಕೂತಿದ್ದಳು; ಅವಳೂ ನಕ್ಕಳು.

ಆ ಚೂರುಗಳಿಂದಲೇ ಮತ್ತೆ ಕೌದಿ ಶುರುವಾಯಿತು. ಹೊಸ ಲೈನಿಂಗ್ ನೀರಿಗೆ ಬಿದ್ದರೆ ಕುಗ್ಗುತ್ತದೆ, ಕೆಂಪು ಬಣ್ಣ ಪಕ್ಕದವರನ್ನೂ ಕೆಂಪು ಮಾಡುತ್ತದೆ. ಹಾಗಾಗಿ ಮೊದಲು ಚೂರನ್ನೆಲ್ಲ ನೆನೆಹಾಕಿ ಒಣಗಿಸುವುದು, ಆಮೇಲೆ ಸೂಜಿ. ತಳಕ್ಕೆ ಯಾರಾದರೂ ಒಂದು ಹಳೇ ಹತ್ತಿ ಸೀರೆ ಕೊಡಬೇಕು. ಆ ಸೀರೆ ಹೊಂಚುವುದೇ ಈಗ ಎಲ್ಲಕ್ಕಿಂತ ಕಷ್ಟದ ಕೆಲಸ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಅಲ್ಲಿಯ ಕ್ವಿಲ್ಟ್ ಗಿಲ್ಡ್ ಒಂದರ, ಅಂದರೆ ಚೂರು ಜೋಡಿಸಿ ಹೊದಿಕೆ ಹೊಲಿಯುವವರ ಸಂಘದ ಸದಸ್ಯೆ. ವಿಡಿಯೊ ಕಾಲಿನಲ್ಲಿ ತನ್ನ ಕ್ವಿಲ್ಟ್ ತೋರಿಸಿದಳು. ಮೂಲೆಗೆ ಮೂಲೆ ಕೂದಲೆಳೆಯಷ್ಟೂ ತಪ್ಪಿಲ್ಲ. “ಚೂರೆಲ್ಲ ಯಾವ ಟೈಲರ್ ಕೊಟ್ಟ?” ಎಂದೆ. “ಇಲ್ಲ ದೊಡ್ಡಮ್ಮ, ಕೊಂಡ್ಕೊಂಡೆ. ಎರಡೂವರೆ ಇಂಚಿನ ಪಟ್ಟಿ ಮಾಡಿ ಸುರುಳಿ ಸುತ್ತಿ ಮಾರ್ತಾರೆ.” ಥಾನಿನ ಹೊಸ ಬಟ್ಟೆಯನ್ನು ಕತ್ತರಿಸಿ ಚೂರು ಮಾಡುವುದು, ಚೂರನ್ನು ಕೊಂಡು ಮತ್ತೆ ಹೊಲಿದು ಬಟ್ಟೆ ಮಾಡುವುದು! ಇದನ್ನು ಕೇಳಲು ಅಜ್ಜಿ ಇರಬೇಕಿತ್ತು. ಆದರೆ ತಂಗಿಯ ಮಗಳೇ ಇನ್ನೊಂದು ಮಾತು ಹೇಳಿದಳು. ಅವರ ಗಿಲ್ಡಿನಲ್ಲೂ ಈಗ ಮನೆಯಲ್ಲಿ ಉಳಿದ ಚೂರನ್ನೇ ತಂದು ಹೊಲಿಯುವವರ ಒಂದು ಗುಂಪು ಕಟ್ಟಿಕೊಂಡಿದೆಯಂತೆ. ಅವರಿಗೆಲ್ಲ ಗೀಸ್ ಬೆಂಡ್ ಹೆಂಗಸರೇ ಗುರುಗಳಂತೆ.

ಗೀಸ್ ಬೆಂಡ್ ಅಲಬಾಮಾ ರಾಜ್ಯದ ಹಳ್ಳಿ. ಗುಲಾಮರ ಸಂತತಿಯ ಕಪ್ಪು ಹೆಂಗಸರು ಗದ್ದೆ ಕೆಲಸದ ಹರಕು ಪ್ಯಾಂಟು ಅಂಗಿಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ, ಆಮೇಲೆ ನ್ಯೂಯಾರ್ಕಿನ ಕಲಾ ಮ್ಯೂಸಿಯಮ್ಮುಗಳ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು. ಅಷ್ಟು ದೂರ ಯಾಕೆ, ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಪೂರ್ವಿಕರೂ ಆಫ್ರಿಕಾದಿಂದಲೇ ಬಂದವರು. ಅವರೂ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ, ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಫೂಲಾ ಇಡುತ್ತಾರೆ. ಫೂಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಹೆನ್ರಿ ಡ್ರೂವಾಲ್ ಎಂಬ ಕಲಾ ಇತಿಹಾಸಕಾರ ಅವನ್ನು ಅಮೆರಿಕದ ಪ್ರದರ್ಶನಗಳಿಗೆ ಒಯ್ದರು. ನಮ್ಮ ಸಂಘದಲ್ಲಿ ಸಿದ್ದಿಯರ ಕೌದಿಯ ಫೋಟೊ ತೋರಿಸಿದೆ. “ಫೋಟೊ ಇರ್ಲಿ, ಹೊಲಿಗೆ ಬಿಗಿ ಐತೇನು ನೋಡಿದ್ಯಾ?” ಎಂದಳು ಟೈಲರಿನ ಅತ್ತೆ. ಮರುವಾರ ಅವಳ ಕೌದಿಯ ಮೂಲೆಗೂ ಫೂಲಾ ಬಂದಿತ್ತು.

ನಾವು ಹೊಲಿದ ಕೌದಿಯನ್ನು ಯುಗಾದಿ ಮುಂಚೆ ಒಮ್ಮೆ ತೊಳೆದು ನೋಡಿದೆವು. ನೆನೆದ ಕೌದಿ ಹಿಂಡಲು ನಾಲ್ವರು ಬೇಕು, ವಾಷಿಂಗ್ ಮೆಷೀನಿಗೆ ತುರುಕಿದರೆ ಮೆಷೀನೇ ಕುಣಿಯುತ್ತದೆ. ಬಣ್ಣ ಬಿಟ್ಟಿರಲಿಲ್ಲ, ಟಾಕು ಬಿಚ್ಚಿರಲಿಲ್ಲ. ಬೆಲೆ ಕೇಳಿದವರು ಮಾತ್ರ ಅಂಗಡಿಯ ರಗ್ಗಿನ ಬೆಲೆ ಹೇಳಿ ಚೌಕಾಸಿ ಮಾಡುತ್ತಾರೆ. ಅಂಥವರಿಗೆ ನಾವು ಮಾರುವುದಿಲ್ಲ.

ಓದುವವರಲ್ಲಿ ಕೇಳುವುದು ಇಷ್ಟೇ: ಪಾತ್ರೆಯವಳು ಬಾಗಿಲಿಗೆ ಬಂದಾಗ ಹತ್ತಿ ಸೀರೆಯನ್ನು ಒಳಗಿಟ್ಟುಕೊಂಡು ಪಾಲಿಯೆಸ್ಟರ್ ಕೊಡಿ. ನಿಮ್ಮ ಟೈಲರಿಗೆ ಲೈನಿಂಗ್ ಚೂರು ಬೇರೆ ಎತ್ತಿಡಲು ಹೇಳಿ. ಹೊಲಿಯಲು ನಿಮ್ಮ ಕೈಲಿ ಆಗದಿದ್ದರೆ ಬಾಗೂರಿಗೆ ತನ್ನಿ, ಒಗೆದು ತನ್ನಿ.