ತಗಡಿನ ಶೆಡ್ಡಿನಿಂದ ಗಂಜಿಯ ಹಂಡೆಗೆ

ಓಬನ್ ಕಡೆಗೆ ಹೊರಟ ರೈಲಿನಿಂದ ಡಾಲ್ಮಲಿಯಲ್ಲಿ ಇಳಿಯಿರಿ. ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಸೀಮೆಯ ಪುಟ್ಟ ಊರು. ಬೆನ್ ಕ್ರೂಖನ್ ಬೆಟ್ಟ ಮೋಡದಲ್ಲಿ ಮುಳುಗಿದೆ, ಮಳೆ ಹಿಡಿದುಕೊಂಡಿದೆ. ಕ್ರೇಗ್ ಲಾಡ್ಜ್ ಎಂಬ ಮನೆಯ ಹತ್ತಿರ ತಗಡಿನ ಹಳೇ ಶೆಡ್ಡೊಂದು ಕಾಣುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಊಟ ಕೊಡುವ 'ಮೇರೀಸ್ ಮೀಲ್ಸ್' ಸಂಸ್ಥೆ ಬೇರುಬಿಟ್ಟದ್ದು ಇಲ್ಲಿ.

1992ರಲ್ಲಿ ಬೋಸ್ನಿಯಾ ಯುದ್ಧದ ಸುದ್ದಿ ನೋಡಿ ತಡೆಯಲಾಗದೆ, ಮ್ಯಾಗ್ನಸ್ ಮ್ಯಾಕ್‌ಫಾರ್ಲೇನ್-ಬ್ಯಾರೋ ಮತ್ತು ಸೋದರ ಫರ್ಗಸ್ ಊರವರಲ್ಲಿ ಕಂಬಳಿ, ಆಹಾರ ಕೇಳಿದರು. ಲ್ಯಾಂಡ್ ರೋವರಿನಲ್ಲಿ ಒಮ್ಮೆ ಕೊಟ್ಟು ಬಂದರೆ ಮುಗಿಯಿತು ಎಂದುಕೊಂಡಿದ್ದರು. ಮರಳಿ ಬಂದು ನೋಡಿದರೆ ಅಪ್ಪನ ಶೆಡ್ಡು ಕೊಡುಗೆಗಳಿಂದ ತುಂಬಿತ್ತು! ಮ್ಯಾಗ್ನಸ್ ಸಾಲ್ಮನ್ ಮೀನು ಸಾಕಣೆಯ ಕೆಲಸವನ್ನೇ ಬಿಟ್ಟರು. ಹತ್ತು ವರ್ಷದ ಬಳಿಕ, ಬರಗಾಲದ ಮಲಾವಿಯಲ್ಲಿ, ಸಾವಿನಂಚಿನಲ್ಲಿದ್ದ ತಾಯಿಯೊಬ್ಬಳ ಮನೆಗೆ ಹೋದಾಗ ಅವಳ ಹದಿನಾಲ್ಕು ವರ್ಷದ ಮಗನನ್ನು ಏನಾಸೆ ಎಂದು ಕೇಳಿದರು. ಹೊಟ್ಟೆತುಂಬ ಊಟ, ಎಂದಾದರೂ ಒಂದು ದಿನ ಶಾಲೆ. ಹುಡುಗ ಬಯಸಿದ್ದು ಅಷ್ಟೇ. ಊಟವನ್ನು ಶಾಲೆಯಲ್ಲೇ ಬಡಿಸುವ ಕೆಲಸಕ್ಕೆ ಆ ಮಾತೇ ಬುನಾದಿಯಾಯಿತು.

ಈಗ ಮಲಾವಿಗೆ ಬನ್ನಿ. ಆಫ್ರಿಕಾದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಸ್ಕಾಟಿಷ್ ಊರಿನ ಹೆಸರನ್ನೇ ಹೊತ್ತ ಬ್ಲಾಂಟೈರ್ ನಗರದ ಆಚೆಗೊಂದು ಹಳ್ಳಿ ಶಾಲೆ. ಇನ್ನೂ ನಸುಕು. ಅಡುಗೆಮನೆಗೆ ಕಾಲಿಟ್ಟರೆ ಹೊಗೆಗೆ ಕಣ್ಣು ಉರಿಯುತ್ತದೆ. ಆಳೆತ್ತರದ ಮರದ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಾಯಿಯೊಬ್ಬರು ಹಂಡೆ ತಿರುವುತ್ತಿದ್ದಾರೆ. ಚಿತೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡ ಕೂಸು ಅವರೊಂದಿಗೇ ತೂಗುತ್ತ ನಿದ್ದೆ ಮಾಡುತ್ತಿದೆ. ಮೆಕ್ಕೆಜೋಳ, ಸೋಯಾ, ಸಕ್ಕರೆಯ ಗಂಜಿ 'ಲಿಕುನಿ ಫಾಲಾ' ಕುದಿದು ಗಟ್ಟಿಯಾಗುತ್ತ, ಗುಳ್ಳೆಯೊಡೆದು ಸಿಡಿಯುತ್ತದೆ. ತಳ ಹಿಡಿಯಬಾರದು, ಕೈ ನಿಲ್ಲುವಂತಿಲ್ಲ.

ಹೊರಗೆ ಕೆಂಪು, ನೀಲಿ, ಹಸಿರು ಪ್ಲಾಸ್ಟಿಕ್ ಮಗ್ಗುಗಳ ಉದ್ದ ಸಾಲು. ಸೌಟಿನಿಂದ ಮಗ್ಗು ತುಂಬುತ್ತಲೇ ಮಕ್ಕಳು ಸುಡುವ ಗಂಜಿಯನ್ನು ಊದಿಕೊಂಡು ಹೀರುತ್ತಾರೆ. ಗಂಜಿ ಮುಗಿದ ಮೇಲೆ ಪುಟ್ಟ ಹುಡುಗಿಯೊಬ್ಬಳು ತಳವನ್ನು ಬೆರಳಿನಿಂದ ಬಳಿದು ನೆಕ್ಕಿ, ಮಗ್ಗನ್ನು ನೀರಿನಲ್ಲಿ ತೊಳೆದುಕೊಂಡು ತರಗತಿಗೆ ಓಡುತ್ತಾಳೆ. ಊಟ ಶಾಲೆಯಲ್ಲೇ ಸಿಗುವುದರಿಂದ ಹಸಿದ ಮಗು ಕೂಲಿಯನ್ನೋ ಭಿಕ್ಷೆಯನ್ನೋ ಅರಸಿ ಹೋಗಬೇಕಿಲ್ಲ. ನಮ್ಮ ಬಿಸಿಯೂಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣ ಹೊರಗಿನಿಂದ ಬರುತ್ತದೆ. ಕಾಳನ್ನು ಆದಷ್ಟೂ ಮಲಾವಿಯಲ್ಲೇ ಕೊಳ್ಳುತ್ತಾರೆ. ಸರದಿಯಂತೆ ಬಂದು ಬೇಯಿಸುವ ತಾಯಂದಿರಿಗೆ ಸಂಬಳವಿಲ್ಲ. ನನ್ನ ಮಟ್ಟಿಗೆ ಈ ಕೆಲಸದ ನಿಜವಾದ ಬಲ ಇವರೇ. ಇವರು ನಸುಕಿನಲ್ಲಿ ಎದ್ದು ಬಾರದಿದ್ದರೆ ಡಾಲ್ಮಲಿಯ ಔದಾರ್ಯ ಮಗ್ಗಿನವರೆಗೆ ಮುಟ್ಟುತ್ತಿರಲಿಲ್ಲ.

2002ರಲ್ಲಿ ಸುಮಾರು 200 ಮಕ್ಕಳಿಂದ ಶುರುವಾದ ಈ ಊಟ, 2021ರ ಹೊತ್ತಿಗೆ ಹಲವು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯ ದಿನಗಳಲ್ಲಿ ಸಿಗುತ್ತಿತ್ತು.