ಅರಗಿನ ತಟ್ಟೆಗಳು

ವಿದ್ಯೆಯು ಕೊಟ್ಟಷ್ಟೂ ವೃದ್ಧಿಹೊಂದುವುದೆಂದು ಪಾಠಶಾಲೆಯಲ್ಲಿ ನಮಗೆ ಬೋಧಿಸುತ್ತಿದ್ದರು. ಗ್ರಾಮಫೋನಿನ ಹಳೆಯ ತಟ್ಟೆಗಳ ಧರ್ಮವು ಇದಕ್ಕೆ ವಿಪರೀತವಾದುದು; ಉಕ್ಕಿನ ಮುಳ್ಳು ಹಾದುಹೋದಷ್ಟು ಸಲವೂ ಅವುಗಳ ಗೆರೆಯು ಸವೆಯುತ್ತದೆ. ಕೇಳದೆ ಇಟ್ಟರೆ ಬರಿಯ ಅರಗು, ಕೇಳಿದರೆ ಕ್ಷಯ. ಶಿವಮೊಗ್ಗೆಯಲ್ಲಿ ನಿವೃತ್ತನಾಗಿರುವ ನಾನು ಈ ಧರ್ಮಸಂಕಟವನ್ನು ಕೈಯಾರೆ ತಂದುಕೊಂಡವನು.

ನನಗೆ ವಾದ್ಯಮೇಳಗಳಲ್ಲಿ ಆಸಕ್ತಿ ಹೆಚ್ಚು. ಭರತಮುನಿಯು ಕುತಪವೆಂದು ಕರೆದ ವಾದ್ಯಸಮೂಹವು ಮೈಸೂರಿನ ಅರಮನೆಯಲ್ಲಿ ನೂತನ ರೂಪವನ್ನು ತಾಳಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಪಾಶ್ಚಾತ್ಯ ಮೇಳವನ್ನು ಜರ್ಮನಿಯ ಆಟೋ ಷ್ಮಿಟ್ ಎಂಬವರು ನಡೆಸುತ್ತಿದ್ದರು. ವೀಣೆ ವೆಂಕಟಗಿರಿಯಪ್ಪನವರು ನಗ್ಮಗಳೆಂಬ ಹೊಸ ಬಗೆಯ ವಾದ್ಯಕೃತಿಗಳನ್ನು ರಚಿಸಿದರು. ಮುಂದೆ ಜಯಚಾಮರಾಜ ಒಡೆಯರವರು ತಾವೇ ತಟ್ಟೆಗಳ ಮಹಾಸಂಗ್ರಾಹಕರಾದರು. ಲಂಡನಿನಲ್ಲಿ ನೆಲಸಿದ್ದ ರಷ್ಯದ ನಿಕೊಲಾಯ್ ಮೆಡ್ಟ್ನರನ ಕೃತಿಗಳನ್ನು ಅವರ ಧನಸಹಾಯದಿಂದಲೇ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯವರು ಮುದ್ರಿಸಿದರು. 1947ರಲ್ಲಿ ಫಿಲ್ಹಾರ್ಮೋನಿಯಾ ಮೇಳದೊಡನೆ ಆತನೇ ಪಿಯಾನೋ ನುಡಿಸಿದನು. ತನ್ನ ಮೂರನೆಯ ಪಿಯಾನೋ ಕಾನ್ಸೆರ್ಟೊವನ್ನು ಆತನು ಮಹಾರಾಜರಿಗೆ ಅರ್ಪಿಸಿರುವನು.

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯೂ ಅನಂತರ ಕಾಗದದ ಕಾರ್ಖಾನೆಯೂ ಆರಂಭವಾದುವು. ದೂರದೂರದಿಂದ ಬಂದ ಎಂಜಿನಿಯರುಗಳ ಸಾಮಾನಿನೊಡನೆ ಗ್ರಾಮಫೋನುಗಳೂ ಬಂದುವು. ಈಚಿನ ವರ್ಷಗಳಲ್ಲಿ ಆ ವಸತಿಗೃಹಗಳು ತೆರವಾಗುತ್ತ, ತಟ್ಟೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದುವು. ಮೆಡ್ಟ್ನರನ ಎರಡು ತಟ್ಟೆಗಳು ನನಗೆ ದೊರೆತುದು ಹಾಗೆಯೇ. ಹನ್ನೆರಡು ಅಂಗುಲದ ತಟ್ಟೆಯ ಒಂದು ಪಕ್ಕದಲ್ಲಿ ಸುಮಾರು ನಾಲ್ಕು ನಿಮಿಷಗಳ ನಾದವಷ್ಟೇ ಹಿಡಿಯುವುದರಿಂದ, ನಡುವಣ ಗರಿಗಳು ಕಳೆದುಹೋದ ತಾಳೆಯೋಲೆಯ ಗ್ರಂಥದಂತೆ ಕೃತಿಯು ಅಲ್ಲಲ್ಲಿ ತುಂಡಾಗಿದೆ.

ನನ್ನ ಪೆಟ್ಟಿಗೆಯಲ್ಲಿ ನಗ್ಮಗಳ ತಟ್ಟೆ ಒಂದೂ ಇಲ್ಲ. ಇದು ನನ್ನನ್ನು ಬಹಳ ಕಾಲ ಬಾಧಿಸಿತು. ಪರರಾಜ್ಯದ ನಾದವು ಭದ್ರಾವತಿಯ ಅಟ್ಟದವರೆಗೆ ಬಂದು, ನಮ್ಮ ಅರಮನೆಯ ನಾದವು ಬರಲಿಲ್ಲವಲ್ಲ! ಆದರೆ ವೆಂಕಟಗಿರಿಯಪ್ಪನವರ ವಿದ್ಯೆಯು ದೊರೆಸ್ವಾಮಿ ಅಯ್ಯಂಗಾರ್ಯರ ಬೆರಳುಗಳಿಗೆ ಇಳಿಯಿತು. ಅದು ಸವೆಯದ ಗೆರೆ. ಮೆಡ್ಟ್ನರನ ಬೆರಳುಗಳಾದರೋ 1951ರಲ್ಲಿ ಆತನೊಡನೆ ಹೋದುವು. ಅವುಗಳ ನುಡಿತಕ್ಕೆ ಈ ಅರಗೇ ಆಶ್ರಯ. ಗುರುವಿನ ಕೆಲಸವನ್ನು ತಟ್ಟೆ ಮಾಡಲಾರದು. ತಟ್ಟೆಯ ಕೆಲಸವನ್ನು ಗುರುವೂ ಮಾಡಲಾರನು.

ಆದಕಾರಣ ನಾನು ಪೆಟ್ಟಿಗೆಗೆ ಬೀಗ ಹಾಕಿಲ್ಲ. ಪ್ರತಿಯೊಂದು ತಟ್ಟೆಯನ್ನೂ ಹೊಸ ಮುಳ್ಳಿನಿಂದ ಒಮ್ಮೆ ನುಡಿಸಿ, ಆ ನಾದವನ್ನು ಗಣಕಯಂತ್ರಕ್ಕೆ ಇಳಿಸಿ, ಕೇಳಬಂದವರಿಗೆಲ್ಲ ಕೊಡುತ್ತಿದ್ದೇನೆ. ಹೀಗೆ ಕೊಟ್ಟರೆ ತಟ್ಟೆಯ ನಾದವೂ ವಿದ್ಯೆಯಂತೆ ಬೆಳೆಯುವುದು. ಹಳೆಯ ಮನೆಗಳ ಅಟ್ಟವನ್ನು ತೆರವುಮಾಡುವ ವಾಚಕ ಮಹಾಶಯರು, ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ, ತಟ್ಟೆಯ ನಡುವಿನ ಚೀಟಿಯನ್ನು ಒಮ್ಮೆ ಓದಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.